ಹಲಸಿನ ಮೇಣ ಮತ್ತು ನನ್ನ ಮೊದಲ ರೀಲ್

ಮೊನ್ನೆ ಮುಳ್ಳೇರಿಯದ ಹುಡುಗಿಯೊಬ್ಬಳು ಇನ್‌ಬಾಕ್ಸಿಗೆ ಬಂದು ಕೇಳಿದಳು: "ಅಕ್ಕ, ನಾನೂ ಕಂಪೆನಿಗೆ ಸೇರಿದ್ದೇನೆ. ಇನ್‌ಸ್ಟಾಗ್ರಾಮಲ್ಲಿ ಶುರು ಮಾಡ್ಬೇಕು ಅಂತ ಉಂಟು. ಯಾವ ಫೋನ್ ತೆಗೀಲಿ? ರಿಂಗ್ ಲೈಟ್ ಬೇಕಾ?" ಉತ್ತರ ಬರೆಯಲು ಕೂತೆ, ಅದು ಬಾಲದ ಹಾಗೆ ಉದ್ದವಾಯಿತು. ಅವಳೊಬ್ಬಳಿಗೇ ಕಳಿಸುವ ಬದಲು ಇಲ್ಲೇ ಹಾಕುತ್ತೇನೆ. ನೇರ ಮಾರಾಟದ ಕಂಪೆನಿಗೆ ಸೇರಿ, ಬ್ಯಾಗಿನಲ್ಲಿ ಸಾಬೂನು, ಪಾತ್ರೆ ತೊಳೆಯುವ ಲಿಕ್ವಿಡ್, ಟೂತ್‌ಪೇಸ್ಟು ತುಂಬಿಸಿಕೊಂಡು ಮನೆ ಮನೆ ತಿರುಗುವ ನಮ್ಮಂಥ ಹೆಂಗಸರು ಕಾಸರಗೋಡಿನ ನೀರ್ಚಾಲು, ಬದಿಯಡ್ಕ, ಪೆರ್ಲದ ಕಡೆ ಈಗ ಸುಮಾರು ಜನ ಇದ್ದೇವೆ. ಯಾರಿಗಾದರೂ ಉಪಕಾರವಾದೀತು.

ಮೊದಲು ನನ್ನ ಮರ್ಯಾದೆ ಹೋದ ಕತೆ ಹೇಳಿಬಿಡುತ್ತೇನೆ.

ಸೇರಿದ ಹೊಸತರಲ್ಲಿ ನನಗೆ ಕಲಿಸಿದ್ದು ಒಂದೇ: ಬೆಳಿಗ್ಗೆ ಆರಕ್ಕೆ ಗ್ರೂಪಿಗೆ ಪೋಸ್ಟರ್ ಬರುತ್ತದೆ, ಅದನ್ನು ಸ್ಟೇಟಸ್ಸಿಗೆ ಹಾಕು. ಕೋಟು ತೊಟ್ಟ ಲೀಡರು, ಪಕ್ಕದಲ್ಲಿ ಬಿಳಿ ಕಾರು, ಮೇಲೆ "ನಿಮ್ಮ ಕನಸು ನನಸು". ಮಧ್ಯಾಹ್ನ ವಿದೇಶ ಪ್ರವಾಸದ ಫೋಟೋ. ರಾತ್ರಿ ಯಾರದೋ ಚೆಕ್ಕಿನ ಫೋಟೋ. ನಲವತ್ತು ದಿನ ನಿಷ್ಠೆಯಿಂದ ಹಾಕಿದೆ. ಒಂದು ಸಾಬೂನೂ ಹೋಗಲಿಲ್ಲ. ಆಮೇಲೆ ಒಂದು ಉಪನಯನದ ಊಟದ ಪಂಕ್ತಿಯಲ್ಲಿ ಅಕ್ಕನ ಮಗ ಪಕ್ಕದಲ್ಲಿ ಕೂತಿದ್ದ. ಹೋಳಿಗೆಗೆ ಕೈ ಹಾಕುವಾಗ ಮೆಲ್ಲಗೆ ಹೇಳಿದ, "ಚಿಕ್ಕಮ್ಮ, ಬೇಜಾರು ಮಾಡ್ಬೇಡಿ, ನಿಮ್ಮ ಸ್ಟೇಟಸ್ ನಾನು ಮ್ಯೂಟ್ ಮಾಡಿದ್ದೇನೆ." ಅವನ ಆಚೆ ಕೂತಿದ್ದ ನನ್ನ ಸ್ವಂತ ಅಕ್ಕ ತಲೆ ಎತ್ತದೆ, "ನಾನೂ" ಎಂದಳು. ಎಷ್ಟು ಜನ ಮ್ಯೂಟ್ ಮಾಡಿದ್ದಾರೆ ಎಂದು ವಾಟ್ಸಪ್ಪು ನಮಗೆ ತೋರಿಸುವುದಿಲ್ಲ. ಪುಣ್ಯ.

ಮನೆಗೆ ಬಂದು ಆ ನಲವತ್ತು ದಿನದ್ದನ್ನೆಲ್ಲ ಒಮ್ಮೆ ನೋಡಿದೆ. ಒಂದರಲ್ಲೂ ನಾನಿಲ್ಲ. ನಮ್ಮ ಮನೆ ಇಲ್ಲ, ನಮ್ಮ ಊರಿಲ್ಲ. ಗುರುತಿಲ್ಲದವರ ಕಾರು ನೋಡಿ ನಮ್ಮವರು ನನ್ನಿಂದ ಸಾಬೂನು ಯಾಕೆ ತೆಗೆದುಕೊಳ್ಳಬೇಕು?

ಸರಿಯಾದ ದಾರಿ ಸಿಕ್ಕಿದ್ದು ಹಲಸಿನ ಮೇಣದಿಂದ. ಇದು ನಗೆಚಾಟಿಕೆ ಅಲ್ಲ.

ಬೇಸಗೆಯಲ್ಲಿ ಹಪ್ಪಳಕ್ಕೆಂದು ನಾಲ್ಕೈದು ಮಂದಿ ಹೆಂಗಸರು ನಮ್ಮ ಹಿಂಬದಿಯ ಚಾವಡಿಯಲ್ಲಿ ಸೇರಿ ಸೊಳೆ ಬಿಡಿಸುತ್ತಿದ್ದೆವು. ನನ್ನದು ಮೆಟ್ಟುಕತ್ತಿಯ ಕೆಲಸ. ಎರಡೂ ಅಂಗೈ ಮೇಣ. ನನಗೆ ಉತ್ಸಾಹ ನೋಡಿ, ಕಂಪೆನಿಯ ಹ್ಯಾಂಡ್‌ವಾಶ್ ತರಿಸಿ, "ನೋಡಿ, ಇದು ಎಂಥ ಕಲೆಯನ್ನೂ ತೆಗೀತದೆ" ಎಂದು ಎಲ್ಲರ ಎದುರು ಉಜ್ಜಿದೆ. ತಂಗಿಯ ಮಗಳು ಫೋನಿನಲ್ಲಿ ವೀಡಿಯೋ ಮಾಡುತ್ತಿದ್ದಳು. ಮೇಣ ಹೋಗುವುದು ಹಾಗಿರಲಿ, ನೊರೆ ಸೇರಿ ಬೆರಳಿನ ಸಂದಿಗೆಲ್ಲ ಕಪ್ಪಗೆ ದಾರದ ಹಾಗೆ ಅಂಟಿಕೊಂಡಿತು. ಅತ್ತೆಯವರು ಅಲ್ಲಿಂದಲೇ, "ಎಣ್ಣೆ ಹಾಕು ಮಾರಾಯ್ತಿ, ಎಣ್ಣೆ! ಮೇಣಕ್ಕೆ ಸಾಬೂನು ಹಾಕುವವರು ಉಂಟಾ?" ಎಂದರು. ಎಲ್ಲರೂ ಬಿದ್ದು ಬಿದ್ದು ನಕ್ಕರು. ತೆಂಗಿನೆಣ್ಣೆ ಹಾಕಿ ತಿಕ್ಕಿದೆ, ಮೇಣ ಉಂಡೆಯಾಗಿ ಬಂತು. ಆಮೇಲೆ ಕೈ ತುಂಬ ಎಣ್ಣೆಯ ಜಿಡ್ಡು. ಅದಕ್ಕೆ ಹ್ಯಾಂಡ್‌ವಾಶ್ ಹಾಕಿದೆ, ಒಂದೇ ಸಲಕ್ಕೆ ಹೋಯಿತು, ಪರಿಮಳವೂ ಉಳಿಯಿತು.

ಆ ಹುಡುಗಿ ನನ್ನನ್ನು ಕೇಳದೆಯೇ ಅದನ್ನು ನಲವತ್ತು ಸೆಕೆಂಡಿಗೆ ಕತ್ತರಿಸಿ ನನ್ನ ಹೆಸರಿನಲ್ಲಿ ರೀಲ್ ಹಾಕಿದಳು. ಮೇಲೆ ಬರೆದದ್ದು: "ಮೇಣಕ್ಕೆ ಇದು ಆಗುವುದಿಲ್ಲ. ಎಣ್ಣೆಗೆ ಆಗ್ತದೆ." ಮರುದಿನ ನನ್ನ ಅಪ್‌ಲೈನ್, ಅಂದರೆ ನನ್ನನ್ನು ಕಂಪೆನಿಗೆ ಸೇರಿಸಿದವರು, ಫೋನು ಮಾಡಿ, "ನೆಗೆಟಿವ್ ಪೋಸ್ಟ್, ಕೂಡಲೇ ತೆಗೀರಿ" ಎಂದು ರೇಗಿದರು. ಅಷ್ಟರಲ್ಲಿ ಏಳು ಮಂದಿ ಬಾಟ್ಲಿ ಕೇಳಿಯಾಗಿತ್ತು. ತೆಗೆಯಲಿಲ್ಲ. ಈಗಲೂ ಉಂಟು, ಬೇಕಾದರೆ ನೋಡಿ.

ಅಂದಿನಿಂದ ನನ್ನದು ಒಂದೇ ಅಭಿಪ್ರಾಯ. ನಮ್ಮ ಕಸುಬಿನಲ್ಲಿ ಚಿತ್ರದ ಕೆಲಸ ವಸ್ತುವನ್ನು ಹೊಗಳುವುದಲ್ಲ, ಕೈಗೆ ಕೊಟ್ಟು ತೋರಿಸುವುದು. ಇದೇನು ಹೊಸತೂ ಅಲ್ಲ. ನಮ್ಮ ಅಜ್ಜಿಯಂದಿರ ಕಾಲದ ಬಳೆಗಾರ ಏನು ಮಾಡುತ್ತಿದ್ದ? ಜಗಲಿಯಲ್ಲಿ ಕೂತು ಗಂಟು ಬಿಚ್ಚಿ, ಕೈ ಹಿಡಿದು, ಅಳತೆ ನೋಡಿ ಬಳೆ ಇಡಿಸುತ್ತಿದ್ದ. ನಡುವೆ ಎರಡು ಊರಿನ ಸುದ್ದಿ. ಅಮೆರಿಕದಲ್ಲಿ ಟಪ್ಪರ್‌ವೇರ್ ಡಬ್ಬಿಗಳು ಮೊದಮೊದಲು ಅಂಗಡಿಯಲ್ಲಿ ಹೋಗುತ್ತಿರಲಿಲ್ಲವಂತೆ, ಮುಚ್ಚಳ ಹೇಗೆ ಹಾಕುವುದೆಂದೇ ಜನರಿಗೆ ಗೊತ್ತಾಗುತ್ತಿರಲಿಲ್ಲ. ಬ್ರೌನಿ ವೈಸ್ ಎಂಬ ಹೆಂಗಸು ನೆರೆಕರೆಯವರನ್ನು ಮನೆಗೆ ಕರೆದು, ದ್ರವ ತುಂಬಿದ ಡಬ್ಬಿಯನ್ನು ಕೋಣೆಯಲ್ಲಿ ಎಸೆದು ತೋರಿಸುತ್ತಿದ್ದಳು. ಚೆಲ್ಲುತ್ತಿರಲಿಲ್ಲ. 1951ರಲ್ಲಿ ಕಂಪೆನಿ ಅಂಗಡಿಯ ಮಾರಾಟವನ್ನೇ ಬಿಟ್ಟು ಅವಳ ದಾರಿ ಹಿಡಿಯಿತು. ಡಬ್ಬಿ ಎಸೆಯುವ ಆ ಒಂದು ಗಳಿಗೆ ಇದೆಯಲ್ಲ, ಅದೇ ಇವತ್ತಿನ ರೀಲ್.

ಈಗ ಹುಡುಗಿಯ ಪ್ರಶ್ನೆಗೆ ಬರುತ್ತೇನೆ. ಇರುವ ಫೋನು ಸಾಕು. ರಿಂಗ್ ಲೈಟಿಗೆ ದುಡ್ಡು ಹಾಕಬೇಡ. ನಮ್ಮ ಮನೆಗಳಿಗೆ ಜಗಲಿ ಇರುವುದೇ ಪುಣ್ಯ. ಬೆಳಿಗ್ಗೆ ಒಂಬತ್ತು, ಹತ್ತರ ಹೊತ್ತಿಗೆ ಬಿಸಿಲು ನೇರ ಬೀಳದ ಜಗಲಿಯ ಬೆಳಕಿನಷ್ಟು ಚಂದದ ಬೆಳಕು ಯಾವ ಲೈಟಿನಲ್ಲೂ ಇಲ್ಲ. ಅಡುಗೆಮನೆಯ ಹಳದಿ ಬಲ್ಬಿನ ಅಡಿಯಲ್ಲಿ ತೆಗೆದರೆ ಬಿಳಿ ಸಾಬೂನು ಬೆಲ್ಲದ ಅಚ್ಚಿನ ಹಾಗೆ ಕಾಣುತ್ತದೆ, ನೋಡಿದ್ದೇನೆ. ನೆರಳು ಜಾಸ್ತಿಯಾದರೆ ಎದುರಿನಿಂದ ಒಂದು ಬಿಳಿ ಬೈರಾಸು (ಟವೆಲು) ಹಿಡಿಯಲು ಯಾರಿಗಾದರೂ ಹೇಳು. ಹಿನ್ನೆಲೆಗೆ ಅಡಿಕೆ ಹಾಳೆ ಇಡು, ಅದರ ಕಂದು ಬಣ್ಣದ ಮೇಲೆ ಯಾವ ಬಾಟ್ಲಿಯೂ ಎದ್ದು ಕಾಣುತ್ತದೆ. ಎಲ್ಲಕ್ಕಿಂತ ಮೊದಲು ಕ್ಯಾಮೆರಾದ ಗಾಜನ್ನು ಸೆರಗಿನಲ್ಲಿ ಒರೆಸು. ಒಗ್ಗರಣೆಯ ಎಣ್ಣೆ ಕೂತಿರುತ್ತದೆ, ನಮಗೆ ಗೊತ್ತೇ ಆಗುವುದಿಲ್ಲ. ಅರ್ಧ ವರ್ಷ ನನ್ನ ಫೋಟೋಗಳೆಲ್ಲ ಮಂಜು ಬಿದ್ದ ಹಾಗಿದ್ದದ್ದು ಇದರಿಂದಲೇ, ನಾನು ಫೋನನ್ನು ಬೈಯುತ್ತಿದ್ದೆ.

ಆಟಿ ತಿಂಗಳ ಮಳೆಯಲ್ಲಿ ಬೆಳಕೂ ಇಲ್ಲ, ಕರೆಂಟೂ ಇಲ್ಲ, ರೇಂಜ್ ಬೇಕಾದರೆ ಗುಡ್ಡೆ ಹತ್ತಬೇಕು. ಅದಕ್ಕೆ ಬಿಸಿಲು ಕಂಡ ದಿನ ಎಂಟು ಹತ್ತು ಫೋಟೋ ತೆಗೆದಿಟ್ಟುಕೊಳ್ಳುವುದು. ಮಳೆಗಾಲದ ಹಪ್ಪಳದ ಲೆಕ್ಕವೇ ಇದಕ್ಕೂ.

ರೀಲಿಗೆ, ಸ್ಟೇಟಸ್ಸಿಗೆ ಫೋನನ್ನು ಉದ್ದಕ್ಕೆ ನಿಲ್ಲಿಸಿ ಹಿಡಿ, ಅಡ್ಡ ಹಿಡಿದರೆ ಮೇಲೆ ಕೆಳಗೆ ಕಪ್ಪು ಪಟ್ಟಿ ಬರುತ್ತದೆ. "ನಮಸ್ಕಾರ, ನಾನು ಇಂಥವಳು, ಇವತ್ತು ನಾನು ನಿಮಗೆ..." ಎಂದು ಶುರು ಮಾಡಬೇಡ. ಅಷ್ಟು ಹೇಳುವಷ್ಟರಲ್ಲಿ ನೋಡುವವರ ಹೆಬ್ಬೆರಳು ಮೇಲೆ ಹೋಗಿರುತ್ತದೆ. ತಳ ಹಿಡಿದ ಬಾಣಲೆಯನ್ನೇ ಮೊದಲು ತೋರಿಸು. ಹೆಸರು ಆಮೇಲೆ.

ಎಲ್ಲಿ ಹಾಕುವುದು? ನನ್ನ ಮಟ್ಟಿಗೆ ವಾಟ್ಸಪ್ ಸ್ಟೇಟಸ್ಸೇ ಮೊದಲ ಜಗಲಿ. ಒಂದು ಗುಟ್ಟು: ನೀನು ಅವರ ನಂಬರ್ ಸೇವ್ ಮಾಡಿ, ಅವರೂ ನಿನ್ನ ನಂಬರ್ ಸೇವ್ ಮಾಡಿದ್ದರೆ ಮಾತ್ರ ನಿನ್ನ ಸ್ಟೇಟಸ್ ಅವರಿಗೆ ಕಾಣುವುದು. ಹಾಗಾಗಿ ಸಾಮಾನು ಕೊಡುವಾಗಲೇ, "ನನ್ನ ನಂಬರ್ ಸೇವ್ ಮಾಡಿ ಅಕ್ಕ" ಎಂದು ಎದುರಿನಲ್ಲೇ ಮಾಡಿಸಿ ಬಾ. ವಾಟ್ಸಪ್ ಬಿಸಿನೆಸ್ಸಿನಲ್ಲಿ ಕ್ಯಾಟಲಾಗ್ ಮಾಡಿ ಕ್ರಯ ಬರೆದಿಟ್ಟರೆ "ಇದಕ್ಕೆಷ್ಟು" ಎಂಬ ಪ್ರಶ್ನೆಗೆ ದಿನಕ್ಕೆ ಹತ್ತು ಸಲ ಉತ್ತರಿಸುವುದು ತಪ್ಪುತ್ತದೆ. ನಮ್ಮ ಪ್ರಾಯದವರು ಫೇಸ್‌ಬುಕ್ಕಿನಲ್ಲಿ ಇದ್ದಾರೆ, ಮಕ್ಕಳು ಇನ್‌ಸ್ಟಾಗ್ರಾಮಿನಲ್ಲಿ. ಇನ್‌ಸ್ಟಾದಲ್ಲಿ ನೋಡುವ ಮಕ್ಕಳು ಎಲ್ಲಿ ತೆಗೆದುಕೊಳ್ಳುತ್ತಾರೆ ಎಂದು ನಾನು ಮೂಗು ಮುರಿಯುತ್ತಿದ್ದೆ. ಒಂದು ದಿನ ಶಾರ್ಜಾದಿಂದ ಒಬ್ಬ ಹುಡುಗ ಮೆಸೇಜ್ ಮಾಡಿದ: "ಉಪ್ಪಳದಲ್ಲಿ ನನ್ನ ಉಮ್ಮ ಇದ್ದಾರೆ, ಆ ಪಾತ್ರೆ ತೊಳೆಯುವದ್ದು ಎರಡು ಕೊಟ್ಟು ಬರ್ತೀರಾ? ದುಡ್ಡು ಈಗಲೇ ಹಾಕ್ತೇನೆ." ಅರ್ಧ ಊರೇ ಗಲ್ಫಿನಲ್ಲಿರುವ ಜಿಲ್ಲೆ ನಮ್ಮದು. ನೋಡುವವ ಒಬ್ಬ, ತೊಳೆಯುವವಳು ಇನ್ನೊಬ್ಬಳು.

ಭಾಷೆಯ ವಿಷಯ ಹೇಳದಿದ್ದರೆ ಕಾಸರಗೋಡಿನವಳು ಎಂದು ಹೇಳಿಕೊಂಡು ಫಲವಿಲ್ಲ. ಸಪ್ತಭಾಷೆಯ ನಾಡು ಎಂದು ಭಾಷಣದಲ್ಲಿ ಹೇಳುತ್ತೇವೆ. ನನ್ನ ಗಿರಾಕಿಗಳಲ್ಲಿ ನಿಜಕ್ಕೂ ಅಷ್ಟು ಇದ್ದಾರೆ: ಮನೆಯಲ್ಲಿ ಹವ್ಯಕ ಕನ್ನಡ, ತುಳು, ಕೊಂಕಣಿ, ಮರಾಠಿ, ಬ್ಯಾರಿ, ಮಲಯಾಳ, ಉರ್ದು. ಕನ್ನಡದವರ ಮನೆಯ ಎಷ್ಟೋ ಮಕ್ಕಳಿಗೇ ಕನ್ನಡ ಓದಲು ಬರುವುದಿಲ್ಲ. ಅಂಥಲ್ಲಿ ಚಿತ್ರದ ಬಲ ದೊಡ್ಡದು, ಕರಿ ಹಿಡಿದ ಬಾಣಲೆಗೆ ಅನುವಾದ ಬೇಡ. ನಾನು ವೀಡಿಯೋದಲ್ಲಿ ತುಳುವಿನಲ್ಲಿ ಮಾತಾಡುತ್ತೇನೆ, ಅದು ಹೆಚ್ಚಿನವರಿಗೆ ತಾಗುತ್ತದೆ. ಕೆಳಗೆ ಮೊದಲ ಸಾಲು ಕನ್ನಡ, ಎರಡನೆಯದು ಮಲಯಾಳ. ಕಾಸರಗೋಡು ಕೇರಳಕ್ಕೆ ಸೇರಿದ್ದು 1956ರಲ್ಲಿ. ಅದು ಕರ್ನಾಟಕಕ್ಕೆ ಸೇರಬೇಕೆಂದು ಹೋರಾಡಿದ ಒಬ್ಬರು ಹಿರಿಯರು ಕಮೆಂಟಿನಲ್ಲಿ ಬೈದರು, "1956ರಿಂದ ನಾವು ಹೋರಾಡಿದ್ದು ನೀನು ಮಲಯಾಳದಲ್ಲಿ ಸಾಬೂನು ಮಾರಲಿಕ್ಕಾ?" ಅವರ ನೋವು ನನಗೆ ಅರ್ಥವಾಗುತ್ತದೆ, ನಮ್ಮ ತಂದೆಯೂ ಹಾಗೆಯೇ ಇದ್ದರು. ಕನ್ನಡದ ಸಾಲನ್ನು ನಾನು ಯಾವತ್ತೂ ಬಿಟ್ಟವಳಲ್ಲ, ಎರಡನೆಯ ಸ್ಥಾನಕ್ಕೆ ಇಳಿಸಿದವಳೂ ಅಲ್ಲ ಎಂದು ಉತ್ತರಿಸಿದೆ. ಅವರು ಲೈಕ್ ಕೊಟ್ಟರು. ಸಾಬೂನು ತೆಗೆದುಕೊಳ್ಳಲಿಲ್ಲ.

ಇನ್ನು ಸ್ವಲ್ಪ ಖಾರವಾಗಿ ಹೇಳಬೇಕಾದ್ದು. ಗ್ರೂಪಿನಿಂದ ಬರುವ "ಮೊದಲು–ನಂತರ" ಫೋಟೋಗಳನ್ನು ದಯವಿಟ್ಟು ಹಾಕಬೇಡಿ. ಒಂದೇ ಹೊಟ್ಟೆಯ ಫೋಟೋವನ್ನು ಮೂರು ಊರಿನ ಮೂರು ಹೆಸರಿನಲ್ಲಿ ನಾನೇ ಕಂಡಿದ್ದೇನೆ. ನಾನೂ ಒಮ್ಮೆ ಒಂದು ಪುಡಿಯ ಬಗ್ಗೆ "ಶುಗರ್ ಪೂರ್ತಿ ಹೋಯಿತು" ಎಂಬ ಚಿತ್ರ ಸ್ಟೇಟಸ್ಸಿಗೆ ಹಾಕಿದ್ದೆ. ನಮ್ಮ ಆಚೆಮನೆಯ ನಿವೃತ್ತ ನರ್ಸಮ್ಮ ಹತ್ತು ನಿಮಿಷದಲ್ಲಿ ಫೋನು ಮಾಡಿದರು. "ನಿನ್ನ ಮಾತು ನಂಬಿ ಯಾರಾದರೂ ಮಾತ್ರೆ ಬಿಟ್ಟರೆ ಆ ಪಾಪ ಯಾರಿಗೆ?" ಎಂದರು. ಅಳು ಬಂತು, ಅಳಿಸಿದೆ. ಆಮೇಲೆ ಓದಿ ತಿಳಿದದ್ದು: ಸಕ್ಕರೆ ಕಾಯಿಲೆ, ಕ್ಯಾನ್ಸರ್ ಮೊದಲಾದವನ್ನು ಗುಣಪಡಿಸುತ್ತದೆ ಎಂದು ಔಷಧದ ಜಾಹೀರಾತು ಕೊಡುವುದನ್ನು 1954ರ ಕಾಯ್ದೆಯೇ ನಿಷೇಧಿಸಿದೆ. ತಿನ್ನುವ ವಸ್ತುವಿನ ಬಗ್ಗೆ ದಾರಿತಪ್ಪಿಸುವ ಜಾಹೀರಾತಿಗೆ 2006ರ ಆಹಾರ ಸುರಕ್ಷತಾ ಕಾಯ್ದೆಯಲ್ಲಿ 10 ಲಕ್ಷ ರೂಪಾಯಿವರೆಗೆ ದಂಡ ಉಂಟು. ಕಾಯ್ದೆ ಬದಿಗಿರಲಿ. ಗೇರುತೋಟಕ್ಕೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದು ಜನ ಕಾಯಿಲೆ ಬಿದ್ದ ಊರು ನಮ್ಮದು. ಆ ವಿಷ ಬಿದ್ದ ಎಣ್ಮಕಜೆಯ ಮನೆಗಳಿಗೆ ಹೋಗಿ "ದೇಹದ ವಿಷ ತೆಗೆಯುವ ಪುಡಿ" ಎನ್ನುವ ಧೈರ್ಯ ಇದ್ದವರ ಮುಖ ನಾನು ನೋಡಲಾರೆ. ಈಗ ನನ್ನ ಬ್ಯಾಗಿನಲ್ಲಿ ನುಂಗುವ ಐಟಂ ಯಾವುದೂ ಇಲ್ಲ.

ನೇರ ಮಾರಾಟಕ್ಕೆಂದೇ ಕೇಂದ್ರದ ನಿಯಮಗಳು 2021ರ ಡಿಸೆಂಬರ್ 28ಕ್ಕೆ ಬಂದಿವೆ. ಸೇರಿಸಲು ಶುಲ್ಕ ಕೇಳುವಂತಿಲ್ಲ, ಪಿರಮಿಡ್ ಯೋಜನೆ (ಜನ ಸೇರಿಸಿದ್ದಕ್ಕೇ ದುಡ್ಡು ಕೊಡುವಂಥದ್ದು) ನಡೆಸುವಂತಿಲ್ಲ, ಕಂಪೆನಿ ಅಧಿಕೃತವಾಗಿ ಹೇಳದ ಗುಣವನ್ನು ನಾವು ಹೇಳುವಂತಿಲ್ಲ. ಇನ್ನೊಂದು ನನಗೆ ತುಂಬ ಹಿಡಿಸಿದ ನಿಯಮ: ಗುರುತಿನ ಚೀಟಿ ಇಲ್ಲದೆ, ಮೊದಲೇ ಕೇಳದೆ ಯಾರ ಮನೆಗೂ ಹೋಗಬಾರದು. ನನ್ನ ಸ್ಟೇಟಸ್ಸು ಈಗ ಮಾಡುವ ಕೆಲಸ ಅದೇ. ಫೋಟೋ ನೋಡಿ ಅವರೇ "ಈ ಕಡೆ ಬಂದಾಗ ಬನ್ನಿ" ಎನ್ನುತ್ತಾರೆ. ಹಿಂದೆ ನನ್ನ ಬ್ಯಾಗು ಗೇಟಿನಲ್ಲಿ ಕಂಡರೆ ಒಳಗೆ ಟಿವಿಯ ಸದ್ದು ನಿಲ್ಲುತ್ತಿತ್ತು, ಗೊತ್ತಾಗದ ವಿಷಯವೇನಲ್ಲ.

"ನನ್ನ ಟೀಮಿಗೆ ಸೇರಿ, ಮನೆಯಲ್ಲೇ ಕೂತು ಲಕ್ಷ ದುಡಿಯಿರಿ" ಎಂದು ದುಡ್ಡು ಕೊಟ್ಟು ಬೂಸ್ಟ್ ಮಾಡಲು ಹೊರಡುವವರಿಗೆ: ಫೇಸ್‌ಬುಕ್, ಇನ್‌ಸ್ಟಾಗ್ರಾಮಿನ ಜಾಹೀರಾತು ನಿಯಮದಲ್ಲೇ ಅಂಥದ್ದಕ್ಕೆ ಅವಕಾಶವಿಲ್ಲ. ಇಲ್ಲದ್ದು ಒಳ್ಳೆಯದೇ ಆಯಿತು. ನನಗೆ ಒಳ್ಳೆಯ ತಿಂಗಳಲ್ಲಿ ಮೂರು ಸಾವಿರ ಉಳಿಯುತ್ತದೆ, ಮಳೆಗಾಲದಲ್ಲಿ ಸಾವಿರಕ್ಕೆ ಇಳಿಯುತ್ತದೆ, ಅದರಲ್ಲಿ ಬಸ್ಸಿನ ಚಾರ್ಜು ಬೇರೆ. ಸೇರುವುದು ಹೇಗೆ ಎಂದು ಕೇಳಿದವರಿಗೆ ಇದನ್ನೇ ಹೇಳುತ್ತೇನೆ, ಮತ್ತೆ ಎರಡು ತಿಂಗಳು ಬರೇ ಬಳಸಿ ನೋಡಿ ಎನ್ನುತ್ತೇನೆ. ಹೆಚ್ಚಿನವರು ಮತ್ತೆ ಕೇಳುವುದಿಲ್ಲ. ನನ್ನ ಅಪ್‌ಲೈನಿಗೆ ನನ್ನ ಮೇಲೆ ಅಷ್ಟೇನೂ ಪ್ರೀತಿ ಇಲ್ಲ.

ಮತ್ತೊಂದು, ಮರೆಯುವ ಮೊದಲು. ಗಿರಾಕಿ "ತುಂಬ ಒಳ್ಳೆದುಂಟು ಅಕ್ಕ" ಎಂದು ಕಳಿಸಿದ ಮೆಸೇಜನ್ನು ಸ್ಕ್ರೀನ್‌ಶಾಟ್ ತೆಗೆದು ಹಾಕುವ ಮೊದಲು ಅವರನ್ನು ಕೇಳಬೇಕು, ನಂಬರ್ ಮುಚ್ಚಬೇಕು. ನಾನು ಮುಚ್ಚದೆ ಹಾಕಿ ಒಬ್ಬರಿಗೆ ರಾತ್ರಿ ಹತ್ತಕ್ಕೆ ಯಾರೋ ಫೋನು ಮಾಡಿದ್ದರು. ಅವರ ಮನೆಗೆ ಹೋಗಿ ಕ್ಷಮೆ ಕೇಳಿ ಬಂದೆ. ಮಕ್ಕಳ ಮುಖವನ್ನಂತೂ ಸಾಮಾನಿನ ಪಕ್ಕ ಇಡಲೇಬಾರದು, ನಮ್ಮ ಮಕ್ಕಳೇ ಆದರೂ.

ಮುಳ್ಳೇರಿಯದ ಹುಡುಗಿಗೆ ಮೊನ್ನೆಯೇ ಚಿಕ್ಕದಾಗಿ ಒಂದು ಸಾಲು ಬರೆದಿದ್ದೆ: ನೀನೇ ಬಳಸುತ್ತಿರುವ, ಅರ್ಧ ಸವೆದ ಒಂದು ವಸ್ತುವಿನ ಫೋಟೋ ತೆಗೆದು ಕಳಿಸು. ನಿನ್ನೆ ಸಂಜೆ ಕಳಿಸಿದ್ದಾಳೆ. ಬಾವಿಕಟ್ಟೆಯ ಮೇಲೆ ತೆಂಗಿನ ಗೆರಟೆ, ಗೆರಟೆಯಲ್ಲಿ ಅರ್ಧ ಕರಗಿದ ಬಟ್ಟೆ ಸಾಬೂನು, ಪಕ್ಕದಲ್ಲಿ ಒದ್ದೆ ಕೈ. ಹಿಂದೆ ಮೂಲೆಯಲ್ಲಿ ಒಂದು ಬೆಕ್ಕು ಬೆನ್ನು ಹಾಕಿ ಕೂತಿದೆ. "ಬೆಕ್ಕನ್ನು ಕತ್ತರಿಸಿ ತೆಗೀಲಾ ಅಕ್ಕ?" ಎಂದು ಕೇಳಿದ್ದಾಳೆ. ಬೇಡ, ಅದು ಅಲ್ಲೇ ಇರಲಿ ಎಂದಿದ್ದೇನೆ.