ಬಾಯ್ಕಾಟ್ ಮತ್ತು ಬಹಿಷ್ಕಾರ ಒಂದೇ ಅಲ್ಲ

ಕಳೆದ ವಾರ ಪತ್ರಿಕೆಯ ಒಂದೇ ಪುಟದಲ್ಲಿ ಎರಡು ಸುದ್ದಿಗಳನ್ನು ಓದಿದೆ. ರಸ್ತೆ, ಸೇತುವೆ ಮಾಡಿಸಿಕೊಡದಿದ್ದರೆ ಮತದಾನ ಬಹಿಷ್ಕಾರ ಎಂದು ಒಂದು ಊರಿನವರು ತಹಶೀಲ್ದಾರರಿಗೆ ಮನವಿ ಕೊಟ್ಟಿದ್ದರು. ಅದರ ಕೆಳಗೇ, ದೇವಸ್ಥಾನದ ಮೆಟ್ಟಿಲು ಹತ್ತಿದ ದಲಿತ ಕುಟುಂಬಕ್ಕೆ ಮತ್ತೊಂದು ಊರಿನಲ್ಲಿ ಬಹಿಷ್ಕಾರ. ಎರಡಕ್ಕೂ ಒಂದೇ ಪದ. ಅಂದಿನಿಂದ ಈ ಪದ ಮನಸ್ಸಿನಲ್ಲಿ ಮುಳ್ಳಿನಂತೆ ಕೂತಿದೆ.

ಬಾಯ್ಕಾಟ್ ಎಂಬ ಇಂಗ್ಲಿಷ್ ಪದಕ್ಕೆ ನಾವು ಬಹಿಷ್ಕಾರ ಎಂದು ಬರೆಯುತ್ತೇವೆ. ಶಾಲೆಯಲ್ಲಿ ವಿದೇಶಿ ವಸ್ತುಗಳ ಬಹಿಷ್ಕಾರ ಎಂದೇ ಕಲಿತೆವು. 1905ರ ಆಗಸ್ಟ್ 7ರಂದು ಕಲ್ಕತ್ತೆಯ ಟೌನ್ ಹಾಲ್ ಸಭೆಯಲ್ಲಿ ಆದ ನಿರ್ಣಯಕ್ಕೂ ಅದೇ ಹೆಸರು. ಆದರೆ ಬಾಯ್ಕಾಟ್ ಎಂಬುದು ಮೊದಲು ಒಬ್ಬ ಮನುಷ್ಯನ ಹೆಸರಾಗಿತ್ತು. ಆ ಮನುಷ್ಯನ ಕಥೆ ಗೊತ್ತಾದರೆ ಈ ಅನುವಾದ ಎಲ್ಲಿ ತಪ್ಪಿತು ಎಂಬುದೂ ಗೊತ್ತಾಗುತ್ತದೆ.

ಚಾರ್ಲ್ಸ್ ಕನ್ನಿಂಗ್‌ಹ್ಯಾಮ್ ಬಾಯ್ಕಾಟ್ ಇಂಗ್ಲೆಂಡಿನವನು. ಐರ್ಲೆಂಡಿನ ಮೇಯೋ ಪ್ರಾಂತದಲ್ಲಿ ಲಾರ್ಡ್ ಅರ್ನ್ ಎಂಬ ಜಮೀನ್ದಾರನ ಪರವಾಗಿ ಗೇಣಿ ವಸೂಲಿ ಮಾಡುತ್ತಿದ್ದ. ಊರವರು ಅವನನ್ನು ಕ್ಯಾಪ್ಟನ್ ಎಂದು ಕರೆಯುತ್ತಿದ್ದರು. 1880ರಲ್ಲಿ ಬೆಳೆ ಕೈಕೊಟ್ಟು ಸೋತಿದ್ದ ಗೇಣಿದಾರರು ನೂರಕ್ಕೆ ಇಪ್ಪತ್ತೈದರಷ್ಟು ಗೇಣಿ ಬಿಡಬೇಕೆಂದು ಕೇಳಿದರು. ಜಮೀನ್ದಾರ ಹತ್ತರಷ್ಟು ಮಾತ್ರ ಬಿಟ್ಟ. ಗೇಣಿ ಕೊಡದವರನ್ನು ಒಕ್ಕಲೆಬ್ಬಿಸಲು ಸೆಪ್ಟೆಂಬರಿನಲ್ಲಿ ನೋಟಿಸ್ ಹೊರಟವು. ಪೊಲೀಸರ ಕಾವಲಿನಲ್ಲಿ ನೋಟಿಸ್ ತಂದವನ ಮೇಲೆ ಹೆಂಗಸರು ಕಲ್ಲು, ಕೆಸರು, ಗೊಬ್ಬರ ಎಸೆದರು.

ಆ ಮೇಲೆ ನಡೆದದ್ದು ಹೊಸದು. ಯಾರೂ ಬಾಯ್ಕಾಟನನ್ನು ಹೊಡೆಯಲಿಲ್ಲ. ಆಳುಗಳು ಹೊಲ ಬಿಟ್ಟು ಮನೆಗೆ ಹೋದರು. ಕಮ್ಮಾರ ಕುದುರೆಗೆ ಲಾಳ ಹೊಡೆಯಲಿಲ್ಲ, ಬಟ್ಟೆ ಒಗೆಯುವವಳು ಬರಲಿಲ್ಲ, ಪೇಟೆಯ ಅಂಗಡಿಯವರು ಸಾಮಾನು ಕೊಡಲಿಲ್ಲ. ಬಾಯ್ಕಾಟ್ ತನ್ನ ಗೋಳನ್ನು ಲಂಡನ್ನಿನ ಟೈಮ್ಸ್ ಪತ್ರಿಕೆಗೆ ಬರೆದ. ನವೆಂಬರಿನಲ್ಲಿ ಅವನ ಗೆಡ್ಡೆ, ಟರ್ನಿಪ್ ಕೀಳಲು ಉತ್ತರದ ಜಿಲ್ಲೆಗಳಿಂದ ಐವತ್ತು ಜನ ಬಂದರು. ಅವರ ಕಾವಲಿಗೆ ಸುಮಾರು ಸಾವಿರ ಸೈನಿಕರು ಮತ್ತು ಪೊಲೀಸರು. ಐನೂರು ಪೌಂಡಿನ ಬೆಳೆಗೆ ಹತ್ತು ಸಾವಿರ ಪೌಂಡು ಖರ್ಚಾಯಿತೆಂದು ಅಂದಾಜು. ಕೊನೆಗೆ ಅವನ ಸಂಸಾರ ಊರು ಬಿಡಲು ಬಾಡಿಗೆ ಗಾಡಿಯೂ ಸಿಗದೆ, ಸೈನ್ಯದ ಆಂಬುಲೆನ್ಸ್ ಗಾಡಿಯಲ್ಲಿ ಹೋಗಬೇಕಾಯಿತು.

ಪದ ಹುಟ್ಟಿದ ಬಗೆಯಂತೂ ನನಗೆ ತುಂಬ ಇಷ್ಟ. ಅಮೆರಿಕದ ಪತ್ರಕರ್ತ ಜೇಮ್ಸ್ ರೆಡ್‌ಪಾತ್ ಇದನ್ನು ದಾಖಲಿಸಿದ್ದಾನೆ. ಅಲ್ಲಿನ ಪಾದ್ರಿ ಜಾನ್ ಓಮ್ಯಾಲಿಯ ಜೊತೆ ಕೂತಿದ್ದಾಗ, ಈ ಹೋರಾಟಕ್ಕೆ ಏನೆಂದು ಕರೆಯುವುದು ಎಂಬ ಮಾತು ಬಂತು. ಆಸ್ಟ್ರಸೈಜ್ ಎಂಬ ಗ್ರೀಕ್ ಮೂಲದ ಪದ ಇತ್ತು. ರೈತರಿಗೆ ಅದು ಅರ್ಥವಾಗುವುದಿಲ್ಲ ಎಂದು ಪಾದ್ರಿ ಯೋಚಿಸಿ, ಬಾಯ್ಕಾಟ್ ಮಾಡುವುದು ಎಂದರೆ ಹೇಗೆ ಎಂದನಂತೆ. ಊರಿನಿಂದ ಹೊರಗೆ ಹಾಕುವುದಕ್ಕೆ ಪಂಡಿತರ ಪದ ಕೈಯಲ್ಲೇ ಇತ್ತು. ಅದನ್ನು ಪಕ್ಕಕ್ಕಿಟ್ಟು ಹೊಲದಲ್ಲಿ ದುಡಿಯುವವರ ಬಾಯಿಗೆ ಒಗ್ಗುವ ಪದವನ್ನು ಕೊಟ್ಟರು. ವರ್ಷ ಮುಗಿಯುವುದರೊಳಗೆ ಪತ್ರಿಕೆಗಳು ಅದನ್ನು ಬಳಸತೊಡಗಿದವು. ಇಂದು ಫ್ರೆಂಚ್, ಜರ್ಮನ್, ರಷ್ಯನ್, ಜಪಾನಿ ಭಾಷೆಗಳಲ್ಲೂ ಇದೇ ಹೆಸರು ಇದೆ.

ನಾವು ಮಾಡಿದ್ದು ಇದಕ್ಕೆ ತಿರುವುಮುರುವು. ಬಹಿಷ್ಕಾರ ಎಂದರೆ ಹೊರಗೆ ಮಾಡುವುದು. ಮನುಸ್ಮೃತಿಯ ಎರಡನೆಯ ಅಧ್ಯಾಯದ ಹನ್ನೊಂದನೆಯ ಶ್ಲೋಕದಲ್ಲಿ ಈ ಪದವಿದೆ: ಶ್ರುತಿ ಸ್ಮೃತಿಗಳನ್ನು ಅವಮಾನಿಸುವವನು ಬಹಿಷ್ಕಾರ್ಯ, ಸಜ್ಜನರು ಅವನನ್ನು ಹೊರಗೆ ಹಾಕಬೇಕು. ಅಧಿಕಾರ ಉಳ್ಳವರು ಇಲ್ಲದವರ ಮೇಲೆ ಎತ್ತುವ ಕೈ ಅದು. ಅಂಬೇಡ್ಕರ್ ಅವರು 1924ರಲ್ಲಿ ಸಭೆ ಕಟ್ಟಿದಾಗ ಬಹಿಷ್ಕೃತ ಹಿತಕಾರಿಣಿ ಸಭಾ ಎಂದೂ, 1927ರಲ್ಲಿ ಪತ್ರಿಕೆ ತೆಗೆದಾಗ ಬಹಿಷ್ಕೃತ ಭಾರತ ಎಂದೂ ಹೆಸರಿಟ್ಟರು. ಆ ಪದದ ಭಾರ ಯಾರ ಬೆನ್ನ ಮೇಲಿದೆ ಎಂಬುದು ಆ ಹೆಸರುಗಳಲ್ಲೇ ಇದೆ.

ಚಿಕ್ಕಂದಿನಲ್ಲಿ ನಾನೇ ನೋಡಿದ್ದೇನೆ. ನಮ್ಮ ಅಜ್ಜಿಯ ಊರಿನಲ್ಲಿ ಒಂದು ಮನೆಯವರು ಕೂಲಿ ಬಾಕಿಗಾಗಿ ಪೊಲೀಸ್ ಠಾಣೆಗೆ ಹೋಗಿ ದೂರು ಕೊಟ್ಟರು. ಮಾರನೆಯ ಸಂಜೆ ಡಂಗುರ ಸಾರಿದರು: ಅವರನ್ನು ಮಾತನಾಡಿಸಿದವರಿಗೆ ದಂಡ. ಅಂಗಡಿಯಲ್ಲಿ ಉಪ್ಪು, ಸೀಮೆಎಣ್ಣೆ ಕೊಡಲಿಲ್ಲ. ಹಿಟ್ಟಿನ ಗಿರಣಿಯವನು ಅವರ ರಾಗಿಯ ಚೀಲವನ್ನು ಬಾಗಿಲಾಚೆ ಇಟ್ಟ. ಆ ಮನೆಯ ಹುಡುಗಿ ನನ್ನ ತರಗತಿಯವಳು. ಎದುರಿಗೆ ಬಂದಾಗ ಅಜ್ಜಿ ನನ್ನ ಕೈ ಹಿಡಿದು ಎಳೆದುಕೊಂಡಳು, ನಾನು ತಲೆ ತಗ್ಗಿಸಿದೆ. ಆ ನಾಚಿಕೆ ಇಂದಿಗೂ ಹೋಗಿಲ್ಲ.

ಅಂಗಡಿಯವನು ಕೊಡಲಿಲ್ಲ ಎಂಬುದು ಐರ್ಲೆಂಡಿನಲ್ಲೂ ಇತ್ತಲ್ಲ ಎಂದು ನೀವು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. 1880ರ ಸೆಪ್ಟೆಂಬರ್ 19ರಂದು ಅಲ್ಲಿನ ಎನ್ನಿಸ್ ಪಟ್ಟಣದಲ್ಲಿ ಗೇಣಿದಾರರ ಹೋರಾಟದ ನಾಯಕ ಚಾರ್ಲ್ಸ್ ಸ್ಟೂವರ್ಟ್ ಪಾರ್ನೆಲ್ ಮಾಡಿದ ಭಾಷಣ ಇನ್ನೂ ಕಸಿವಿಸಿ ಹುಟ್ಟಿಸುತ್ತದೆ. ನೆರೆಯವನನ್ನು ಒಕ್ಕಲೆಬ್ಬಿಸಿದ ಜಮೀನನ್ನು ಹಿಡಿದವನನ್ನು ದಾರಿಯಲ್ಲಿ, ಅಂಗಡಿಯಲ್ಲಿ, ಸಂತೆಯಲ್ಲಿ, ದೇವರ ಮನೆಯಲ್ಲೂ ದೂರವಿಡಿ, ಹಿಂದಿನ ಕಾಲದ ಕುಷ್ಠರೋಗಿಯಂತೆ ಕಾಣಿರಿ ಎಂದ ಆತ. ಆ ಹೋಲಿಕೆ ನನಗೆ ಸಹಿಸುವುದಿಲ್ಲ. ಅಲ್ಲಿನ ರೈತರು ಮಾಡಿದ್ದೆಲ್ಲ ಸರಿ ಎಂದು ನಾನು ಹೇಳಲಾರೆ; ಬಾಯ್ಕಾಟನ ಅಂಚೆ ತರುತ್ತಿದ್ದ ಚಿಕ್ಕ ವಯಸ್ಸಿನ ಸೋದರಳಿಯನನ್ನೂ ದಾರಿಯಲ್ಲಿ ತಡೆದು ಹೆದರಿಸಿದ್ದರು.

ಹಾಗಿದ್ದರೂ ಒಂದು ಗೆರೆ ಎಳೆಯಬಹುದು ಎಂದು ನಂಬಿದ್ದೇನೆ. ನನ್ನ ದುಡಿಮೆ, ನನ್ನ ಹಣ, ನನ್ನ ಮತ ನನ್ನವು. ಅನ್ಯಾಯ ಮಾಡಿದವನಿಗೆ ಅವನ್ನು ಕೊಡುವುದಿಲ್ಲ ಎನ್ನುವ ಹಕ್ಕು ನನಗಿದೆ. ಊರ ಬಾವಿ, ಊರ ದಾರಿ, ಪಡಿತರದ ಅಕ್ಕಿ, ದೇವಸ್ಥಾನ ನನ್ನೊಬ್ಬನವಲ್ಲ. ಅವನ್ನು ತಡೆದರೆ ಮತ್ತೊಬ್ಬರದ್ದನ್ನು ಕಸಿದುಕೊಂಡಂತೆ. ಬಸ್ಸಿನ ಆಸನಗಳಲ್ಲಿನ ವರ್ಣಭೇದವನ್ನು ವಿರೋಧಿಸಿ ಅಮೆರಿಕದ ಮಾಂಟ್‌ಗೊಮರಿ ನಗರದ ಕಪ್ಪು ಜನ 1955ರ ಡಿಸೆಂಬರ್ 5ರಿಂದ 381 ದಿನ ಬಸ್ ಹತ್ತದೆ ನಡೆದರು. ಅವರು ಯಾರನ್ನೂ ಬಸ್ಸಿನಿಂದ ಇಳಿಸಲಿಲ್ಲ. ತಮ್ಮ ಕಾಸನ್ನು ತಮ್ಮ ಜೇಬಿನಲ್ಲೇ ಇಟ್ಟುಕೊಂಡರು, ಅಷ್ಟೇ. ನಮ್ಮ ಕಾನೂನಿಗೂ ಇನ್ನೊಂದು ತುದಿಯ ಅರಿವಿದೆ: ದೌರ್ಜನ್ಯ ತಡೆ ಕಾಯ್ದೆಯ 2015ರ ತಿದ್ದುಪಡಿಯಿಂದ ಪರಿಶಿಷ್ಟ ಜಾತಿ, ಪಂಗಡದವರಿಗೆ ಸಾಮಾಜಿಕ, ಆರ್ಥಿಕ ಬಹಿಷ್ಕಾರ ಹಾಕುವುದು, ಹಾಕುತ್ತೇವೆಂದು ಬೆದರಿಸುವುದು ಅಪರಾಧ.

ಕನ್ನಡಕ್ಕೆ ಬೇರೆ ಪದದ ಬರವಿಲ್ಲ. ಬ್ರಿಟಿಷರಿಗೆ ಕಂದಾಯ ಕೊಡುವುದಿಲ್ಲ ಎಂದು ಮೂವತ್ತರ ದಶಕದಲ್ಲಿ ಅಂಕೋಲಾ, ಸಿದ್ದಾಪುರದ ರೈತರು ನಿಂತಾಗ, ಆಸ್ತಿ ಜಪ್ತಿಯಾದರೂ ಬಗ್ಗದಿದ್ದಾಗ, ಅದನ್ನು ಕರನಿರಾಕರಣೆ ಎಂದು ಕರೆದರು. ನಿರಾಕರಣೆ: ಒಲ್ಲೆ ಎನ್ನುವುದು. ಅದರಲ್ಲಿ ಯಾರನ್ನೂ ಹೊರಗೆ ತಳ್ಳುವ ದನಿ ಇಲ್ಲ.

ಪತ್ರಿಕೆಗಳಲ್ಲಿ ಕೆಲಸ ಮಾಡುವ ಗೆಳೆಯರು ಕೆಲವರು ಇದನ್ನು ಓದುತ್ತೀರಿ. ರಸ್ತೆಗಾಗಿ ಊರಿನವರು ಮತ ಹಾಕುವುದಿಲ್ಲ ಎಂದಾಗ ಮತದಾನ ನಿರಾಕರಣೆ ಎಂದು ಬರೆಯಿರಿ. ಇನ್ನೊಂದು ಸುದ್ದಿ ಬಂದಾಗ ಬಹಿಷ್ಕಾರ ಎಂದಷ್ಟೇ ಬರೆದು ಮುಗಿಸಬೇಡಿ. ಯಾವ ಬಾವಿಯ ನೀರು ನಿಲ್ಲಿಸಿದರು, ಯಾವ ಗಿರಣಿ ಹಿಟ್ಟು ಬೀಸಲಿಲ್ಲ, ದಂಡ ಎಷ್ಟೆಂದು ಸಾರಿದರು, ಎಲ್ಲವನ್ನೂ ತಲೆಬರಹದ ಕೆಳಗೆ ಮೊದಲ ಸಾಲಿನಲ್ಲೇ ಬರೆಯಿರಿ.