ಎದುರಾಳಿಯ ಗಾಡಿಯನ್ನೂ ಕಾಪಾಡಿದ ಗಾರ್ಲಿಟ್ಸ್

ಅಮೆರಿಕದ ಡ್ರ್ಯಾಗ್ ರೇಸರ್ ಡಾನ್ ಗಾರ್ಲಿಟ್ಸ್ ಹೆಸರು ನಮ್ಮ ಕಡೆ ಹೆಚ್ಚು ಜನಕ್ಕೆ ಗೊತ್ತಿಲ್ಲ. ನಾನಿರುವ ಫ್ಲಾರಿಡಾದಲ್ಲಿ, ರೇಸ್ ಹುಚ್ಚಿರುವವರ ಮುಂದೆ ‘ಬಿಗ್ ಡ್ಯಾಡಿ’ ಎಂಬ ಅವರ ಅಡ್ಡಹೆಸರು ಅಂದರೆ ಸಾಕು, ಮಾತು ನಿಲ್ಲುವುದೇ ಇಲ್ಲ. ಊರಿಂದ ಬಂದ ನೆಂಟರಿಗೆ ಒರ್ಲ್ಯಾಂಡೊ ನೋಡುವ ಆಸೆ. ನನಗೆ ಅವರನ್ನು ಒಕಾಲಾಗೆ ಕರೆದುಕೊಂಡು ಹೋಗುವ ಆಸೆ. ಗಾರ್ಲಿಟ್ಸ್ ಅವರ ಡ್ರ್ಯಾಗ್ ರೇಸಿಂಗ್ ಮ್ಯೂಸಿಯಂ ಇರುವುದು ಅಲ್ಲೇ.

ಡ್ರ್ಯಾಗ್ ರೇಸ್ ನೋಡುವುದಕ್ಕೆ ಬಹಳ ಸರಳ. ಎರಡು ಗಾಡಿ, ನೇರ ರಸ್ತೆ, ಕಾಲು ಮೈಲಿ, ಅಂದರೆ ಸುಮಾರು 400 ಮೀಟರ್. ಮೊದಲು ಮುಟ್ಟಿದವರು ಗೆದ್ದರು. ಗಾರ್ಲಿಟ್ಸ್ 1932ರಲ್ಲಿ ಟ್ಯಾಂಪಾದಲ್ಲಿ ಹುಟ್ಟಿದವರು. ಆಗ ಈ ಆಟಕ್ಕೆ ಕ್ಯಾಲಿಫೋರ್ನಿಯಾವೇ ರಾಜಧಾನಿ. ಫ್ಲಾರಿಡಾದ ಜೌಗು ಸೀಮೆಯವನು ಎಂದು ಅಲ್ಲಿಯವರು ಕಡೆಗಣಿಸಿದರು. ಇವರು ತಮ್ಮ ಗಾಡಿಗಳಿಗೆ ‘ಸ್ವಾಂಪ್ ರ್‍ಯಾಟ್’ (ಜೌಗಿನ ಇಲಿ) ಎಂದೇ ಹೆಸರಿಟ್ಟು, ಒಂದಾದ ಮೇಲೊಂದು ಕಟ್ಟುತ್ತಾ ಹೋದರು. 1964ರಲ್ಲಿ ಗಂಟೆಗೆ 200 ಮೈಲಿ ದಾಟಿದರು.

ನನಗೆ ಅವರು ದೊಡ್ಡವರಾಗಿ ಕಾಣುವುದು ಈ ವೇಗಕ್ಕಿಂತ ಜಾಸ್ತಿ 1970ರ ಕಾರಣಕ್ಕೆ. ಆಗಿನ ಗಾಡಿಗಳಲ್ಲಿ ಎಂಜಿನ್ ಮುಂದೆ, ಚಾಲಕ ತೀರಾ ಹಿಂದೆ. ಕ್ಲಚ್, ಗೇರ್ ಪೆಟ್ಟಿಗೆ ಎಲ್ಲ ಅವನ ಕಾಲಿನ ಹತ್ತಿರವೇ. ಎಂಜಿನ್ ಒಡೆದರೆ ಬಿಸಿ ಎಣ್ಣೆ, ಬೆಂಕಿ ನೇರ ಮುಖಕ್ಕೆ. ಮಾರ್ಚ್ 8ರಂದು ಕ್ಯಾಲಿಫೋರ್ನಿಯಾದ ಲಾಂಗ್ ಬೀಚ್ ಬಳಿಯ ಲಯನ್ಸ್ ಟ್ರ್ಯಾಕಿನಲ್ಲಿ ಹೊರಡುವಾಗಲೇ ಗೇರ್ ಪೆಟ್ಟಿಗೆ ಸಿಡಿಯಿತು. ಗಾಡಿ ಎರಡು ತುಂಡಾಯಿತು. ಬಲಪಾದದ ಒಂದು ಭಾಗ ಹೋಯಿತು. ಆಸ್ಪತ್ರೆಯಲ್ಲಿ ಮಲಗಿಕೊಂಡೇ ಅವರು ಎಂಜಿನ್ ಹಿಂದಿರುವ ಗಾಡಿಯ ಬಗ್ಗೆ ಯೋಚಿಸತೊಡಗಿದರು. ಅದು ಹೊಸ ಯೋಚನೆಯೇನಲ್ಲ. ಮೊದಲೂ ಕೆಲವರು ಕಟ್ಟಿ ಕೈಬಿಟ್ಟಿದ್ದರು, ಅಂಥ ಗಾಡಿ ನೇರ ಓಡುತ್ತಿರಲಿಲ್ಲ. ಇವರದ್ದೂ ಮೊದಮೊದಲು ಅತ್ತಿತ್ತ ಎಳೆಯಿತು. ಸ್ಟೀರಿಂಗ್ ತುಸು ಅಲುಗಿದರೂ ಚಕ್ರ ಬೇಕಾದ್ದಕ್ಕಿಂತ ಜಾಸ್ತಿ ತಿರುಗುತ್ತಿತ್ತು. ಚಕ್ರ ಅಷ್ಟು ಬೇಗ ತಿರುಗದಂತೆ ಸ್ಟೀರಿಂಗ್ ನಿಧಾನ ಮಾಡಿದ ಮೇಲೆ ಗಾಡಿ ಹದಕ್ಕೆ ಬಂತು. 1971ರ ಶುರುವಿನಲ್ಲೇ ಕ್ಯಾಲಿಫೋರ್ನಿಯಾದ ಪೊಮೋನಾದಲ್ಲಿ ವಿಂಟರ್‌ನ್ಯಾಷನಲ್ಸ್ ಪಂದ್ಯ ಗೆದ್ದರು. ಕೆಲವೇ ವರ್ಷಗಳಲ್ಲಿ ಎಲ್ಲರೂ ಎಂಜಿನ್ ಹಿಂದಕ್ಕೆ ಹಾಕಿದರು. ಎಷ್ಟು ಜನರ ಜೀವ ಉಳಿದಿರಬೇಕು, ಅಲ್ವಾ?

ಇಷ್ಟೇ ಆಗಿದ್ದರೆ ಒಬ್ಬ ಗಟ್ಟಿಗನ ಕಥೆ ಆಗುತ್ತಿತ್ತು. ಆದರೆ ಅವರೂ ಹೆಂಡತಿ ಪ್ಯಾಟ್ ಅವರೂ ಸೇರಿ ಮ್ಯೂಸಿಯಂ ಕಟ್ಟಿದರು. 1984ರಿಂದ ಅದು ಒಕಾಲಾದಲ್ಲಿದೆ. ಸರ್ಕಾರ ಮಾಡಲಿ ಎಂದು ಕಾಯಲಿಲ್ಲ. ತಮ್ಮ ಗಾಡಿಗಳನ್ನಷ್ಟೇ ಅಲ್ಲ, ತಮ್ಮ ವಿರುದ್ಧ ಓಡಿದವರ ಗಾಡಿಗಳನ್ನೂ ತಂದು ಇಟ್ಟರು. 1986ರಲ್ಲಿ ಗಂಟೆಗೆ 270 ಮೈಲಿ ದಾಟಿದ ‘ಸ್ವಾಂಪ್ ರ್‍ಯಾಟ್ 30’ ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಮ್ಯೂಸಿಯಂ ಸೇರಿತು. ಅಮೆರಿಕದಲ್ಲಿ ಇನ್ನೊಂದು ಪದ್ಧತಿಯಿದೆ, ಅದಕ್ಕೆ ‘ಕ್ಯಾಕಲ್‌ಫೆಸ್ಟ್’ ಎನ್ನುತ್ತಾರೆ. ಹಳೆಯ ಡ್ರ್ಯಾಗ್‌ಸ್ಟರ್‌ಗಳನ್ನು ರಿಪೇರಿ ಮಾಡಿ ಸಾಲಾಗಿ ನಿಲ್ಲಿಸಿ, ಕತ್ತಲಾದ ಮೇಲೆ ಸ್ಟಾರ್ಟ್ ಮಾಡುತ್ತಾರೆ. ಪೈಪುಗಳಿಂದ ಬೆಂಕಿ ಮೇಲಕ್ಕೆ ಚಿಮ್ಮುತ್ತದೆ. ಅವುಗಳ ಇಂಧನವಾದ ನೈಟ್ರೋಮೀಥೇನ್ ಹೊಗೆಗೆ ಕಣ್ಣಲ್ಲಿ ನೀರು. ಯಾರೂ ಓಡಿಸುವುದಿಲ್ಲ, ಸುಮ್ನೆ ಆ ಸದ್ದು ಕೇಳುತ್ತಾರೆ.

ನಮ್ಮಲ್ಲಿ ಗಾಡಿಯ ಮೇಲೆ ಪ್ರೀತಿ ಕಡಿಮೆ ಎಂದು ನಾನು ಹೇಳಲಾರೆ. ಆಯುಧಪೂಜೆ ದಿನ ಗ್ಯಾರೇಜಿನ ಸ್ಪ್ಯಾನರ್‌ಗೂ ಕುಂಕುಮ ಹಚ್ಚುವ ಜನ ನಾವು. ಇಲ್ಲಿ ಎಷ್ಟು ವರ್ಷವಿದ್ದರೂ ಅಂಥದ್ದನ್ನು ಕಂಡಿಲ್ಲ. ಧರ್ಮಸ್ಥಳದಲ್ಲಿ ಹಳೆಯ ಕಾರುಗಳನ್ನು ಎಷ್ಟು ಚೆನ್ನಾಗಿ ಇಟ್ಟಿದ್ದಾರೆ! ಜುಲೈ ತಿಂಗಳ ಎರಡನೇ ಭಾನುವಾರ ಜಾವಾ, ಯೆಜ್ಡಿ ಬೈಕ್ ಇಟ್ಟುಕೊಂಡವರೆಲ್ಲ ಒಂದೆಡೆ ಸೇರಿ ಗಾಡಿ ಓಡಿಸುತ್ತಾರೆ. ಆ ಗಾಡಿಗಳನ್ನು ತಯಾರಿಸಿದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿಹೋಯಿತು. ಆದರೂ ಗಾಡಿಗಳು ಓಡುತ್ತಿವೆ. ಓಡಿಸುವವರ ಮತ್ತು ಮೆಕ್ಯಾನಿಕ್‌ಗಳ ಹಟದಿಂದ ಮಾತ್ರ.

ನನ್ನ ತಕರಾರು ಬೇರೆ. ನಾವು ಮೆರವಣಿಗೆಯ ಕಾರು ಉಳಿಸುತ್ತೇವೆ, ಪಂದ್ಯದ ಗಾಡಿ ಉಳಿಸುವುದಿಲ್ಲ. ಮದರಾಸಿನ ಹತ್ತಿರ ಶೋಲಾವರಂನ ಹಳೇ ವಿಮಾನದ ಪಟ್ಟಿಯಲ್ಲಿ ರೇಸ್ ನಡೆಯುತ್ತಿದ್ದ ಕಾಲದಲ್ಲಿ ಬೆಂಗಳೂರಿನಿಂದ ಗಾಡಿ ಹದಮಾಡಿಕೊಂಡು ಹೋಗುತ್ತಿದ್ದವರಿದ್ದರು. ಆ ಸಿಲಿಂಡರ್ ಕೊರೆದವರು ಯಾರು? ಸೈಲೆನ್ಸರ್ ಬೆಸುಗೆ ಹಾಕಿದವರು ಯಾರು? ಯಾವ ಪ್ರಯೋಗ ಕೈಕೊಟ್ಟಿತು? ಅದೆಲ್ಲ ವಯಸ್ಸಾದ ಮೆಕ್ಯಾನಿಕ್‌ಗಳ ತಲೆಯಲ್ಲಿದೆ. ಬರೆದಿಟ್ಟವರು ಬಹಳ ಕಡಿಮೆ. ಒಕಾಲಾದ ಮ್ಯೂಸಿಯಂ ನೋಡಿದಾಗಲೆಲ್ಲ ನನ್ನ ಹೊಟ್ಟೆ ಉರಿಯುವುದು ಇದಕ್ಕೇ. ಗಾಡಿ ಎಷ್ಟು ಹಳೆಯದು ಎನ್ನುವುದು ಅಲ್ಲಿ ದೊಡ್ಡ ಮಾತಲ್ಲ. ಯಾರು ಕಟ್ಟಿದರು, ಏನು ಮುರಿಯಿತು, ಮುರಿದ ಮೇಲೆ ಏನು ಬದಲಾಯಿತು, ಅದೇ ದೊಡ್ಡದು.

ಮೈಸೂರಿನಲ್ಲಿ ಒಂದು ಹಾಲ್ ಸಾಕು. ರೇಸಿಗೆಂದು ಹದಮಾಡಿದ ಯೆಜ್ಡಿಯೊಂದನ್ನು ಎಂಜಿನ್ ಬಿಚ್ಚಿ ಇಡಲಿ, ಪಕ್ಕದಲ್ಲಿ ಅದರ ಮೆಕ್ಯಾನಿಕ್ ಹೆಸರು, ಫೋಟೋ. ಇನ್ನೊಂದನ್ನು ಓಡುವ ಸ್ಥಿತಿಯಲ್ಲೇ ಇಟ್ಟು ಜುಲೈನಲ್ಲಿ ಹೊರಗೆ ತಂದು ಕಿಕ್ ಹೊಡೆಯಲಿ. ಹಣ ಕೂಡಿಸುವ ಕೆಲಸಕ್ಕೆ ಹೊರಗಿರುವ ನಾವು ಬಹಳ ಜನ ಬರುತ್ತೇವೆ. ಆದರೆ ಮೆಕ್ಯಾನಿಕ್‌ಗಳ ಮನೆಗೆ ಹೋಗಿ ಅವರ ಮಾತು ರೆಕಾರ್ಡ್ ಮಾಡುವ ಕೆಲಸ ಊರಲ್ಲಿರುವವರೇ ಮಾಡಬೇಕು. ಅದು ಈ ವರ್ಷವೇ ಶುರುವಾಗಲಿ.