ನೇತ್ರದಾನದ ಜೊತೆಗೆ ಮಿದುಳಿನ ಮಾತೂ ಬರಲಿ

ದಾವಣಗೆರೆಯಲ್ಲಿ ಈಗ ನೇತ್ರದಾನ ಅಂದರೆ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. 2021ರಲ್ಲಿ ಪುನೀತ್ ತೀರಿಕೊಂಡ ಮೇಲಂತೂ ಎಷ್ಟೋ ಜನ ತಾವಾಗಿಯೇ ಮುಂದೆ ಬಂದು ಬರೆದುಕೊಟ್ಟರು. ಆದರೆ ತೀರಿಕೊಂಡ ಮೇಲೆ ಸಂಶೋಧನೆಗೆ ಮಿದುಳು ಕೊಡುವ ಮಾತನ್ನು ಮಾತ್ರ ಯಾರೂ ಎತ್ತುವುದಿಲ್ಲ. ಎತ್ತಲೇಬೇಕು ಅನ್ನೋದು ನನ್ನ ಅಭಿಪ್ರಾಯ. ಅದರಲ್ಲೂ ಮರೆವಿನ ಕಾಯಿಲೆ ತಲೆಮಾರಿನಿಂದ ತಲೆಮಾರಿಗೆ ಇಳಿದು ಬಂದಿರುವ ಮನೆಗಳಲ್ಲಿ.

ಅರವತ್ತಕ್ಕೆ ಅರಳು ಮರಳು ಅಂತ ಸುಮ್ನೆ ಅಂದುಬಿಡುತ್ತೇವೆ. ನಲವತ್ತೈದಕ್ಕೇ ಬಂದರೆ? ಮೊದಲು ಟೆನ್ಷನ್ ಅಂತಾರೆ, ಆಮೇಲೆ ಮಾಟ ಅಂತಾರೆ. ಅವರಪ್ಪನಿಗೂ ಅದೇ ವಯಸ್ಸಿನಲ್ಲಿ ಹೀಗೇ ಆಗಿತ್ತಲ್ಲ ಅಂತ ಹೊಳೆಯುವುದು ತಡವಾಗಿ. ಈ ಮರೆವಿನ ಕಾಯಿಲೆಗೆ ಆಲ್ಝೈಮರ್ ಅಂತಾರೆ; ಅದು ಬಂದವರಲ್ಲಿ ಹೀಗೆ ನೇರವಾಗಿ ವಂಶದಲ್ಲಿ ಇಳಿದದ್ದು ನೂರಕ್ಕೆ ಒಂದಕ್ಕಿಂತ ಕಡಿಮೆ. ಸೋದರಮಾವನಿಗೆ ಕೊಟ್ಟಿದ್ದಕ್ಕೇ ಬಂತು ಅಂತ ಹೆಣ್ಣಿನ ಕಡೆಯವರನ್ನು ದೂರುವುದು ತಪ್ಪು. ಅಪ್ಪ ಅಮ್ಮ ಇಬ್ಬರಲ್ಲಿ ಒಬ್ಬರಿಂದ ಕೆಟ್ಟ ಜೀನ್ ಬಂದರೆ ಸಾಕು. ಪ್ರತಿ ಮಗುವಿಗೂ ಅರ್ಧಕ್ಕರ್ಧ ಸಾಧ್ಯತೆ ಇರುತ್ತದೆ.

ಈ ಕಾಯಿಲೆಯಲ್ಲಿ ಮಿದುಳಿನ ತುಂಬಾ ಪ್ಲಾಕ್ ಅನ್ನುವ ಪ್ರೋಟೀನ್ ಗುಪ್ಪೆಗಳು ಕಟ್ಟುತ್ತವೆ. 1906ರಲ್ಲಿ ಜರ್ಮನಿಯ ಆಲೋಯಿಸ್ ಆಲ್ಝೈಮರ್ ಅದನ್ನು ತೋರಿಸಿದ್ದು ಐವತ್ತೈದಕ್ಕೇ ತೀರಿಕೊಂಡ ಒಬ್ಬ ಹೆಣ್ಣುಮಗಳ ಮಿದುಳಿನಲ್ಲಿ. ಪ್ಲಾಕ್‌ನಲ್ಲಿ ಮುಖ್ಯವಾಗಿ ಇರುವುದು ಅಮೈಲಾಯ್ಡ್ ಬೀಟಾ ಅನ್ನುವ ಪ್ರೋಟೀನ್ ತುಣುಕು. ಅದರಲ್ಲಿ 40 ಅಮೈನೋ ಆಮ್ಲಗಳದ್ದೂ ಇದೆ, 42ರದ್ದೂ ಇದೆ. 42ರದ್ದು ಬೇಗ ಅಂಟಿಕೊಳ್ಳುತ್ತದೆ. ಈ ತುಣುಕನ್ನು ಕತ್ತರಿಸುವುದರಲ್ಲಿ ಕೈಯಿರುವ ಪ್ರೆಸೆನಿಲಿನ್ ಅನ್ನುವ ಜೀನ್ ಕೆಟ್ಟ ಮನೆತನಗಳಲ್ಲಿ ಸಾಮಾನ್ಯವಾಗಿ ಅದರ ಪಾಲೇ ಜಾಸ್ತಿ.

ಎಲ್ಲರ ಪ್ಲಾಕ್ ಒಂದೇ ಥರ ಇರಲ್ಲ. ಡಚ್ ಅನ್ನುವ ಜೀನ್ ಬದಲಾವಣೆ ಇರುವವರಲ್ಲಿ ಅಮೈಲಾಯ್ಡ್ ರಕ್ತನಾಳದ ಗೋಡೆಗೇ ಮೆತ್ತಿಕೊಂಡು ಮಿದುಳಿನಲ್ಲಿ ರಕ್ತಸ್ರಾವ ಆಗುತ್ತದೆ. ಸ್ವೀಡನ್ನಿನ ಒಂದು ಕುಟುಂಬದಲ್ಲಿ ಸಿಕ್ಕ ಆರ್ಕ್ಟಿಕ್ ಅನ್ನುವ ಬದಲಾವಣೆಯದ್ದು ಇನ್ನೂ ವಿಚಿತ್ರ. ಅಂಥವರ ಮಿದುಳಿನಲ್ಲಿ ಪ್ಲಾಕ್ ಇದ್ದರೂ ಅಮೈಲಾಯ್ಡ್ ಹುಡುಕುವ ಪೆಟ್ ಸ್ಕ್ಯಾನಿನಲ್ಲಿ ಹೆಚ್ಚುಕಡಿಮೆ ಏನೂ ಕಾಣಲ್ಲ! 2022ರಲ್ಲಿ, ತೀರಿಕೊಂಡವರ ಮಿದುಳಿನಿಂದ ತೆಗೆದ ಅಮೈಲಾಯ್ಡ್ ಎಳೆಗಳನ್ನು ತೀರಾ ತಣ್ಣಗೆ ಮಾಡಿ ಅತಿ ಸೂಕ್ಷ್ಮವಾಗಿ ನೋಡುವ ಕ್ರಯೋ ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ನೋಡಿದರು. ವಂಶದಲ್ಲಿ ಬಂದ ಕಾಯಿಲೆಯವರ ಎಳೆಗಳ ಮಡಿಕೆಯೇ ಬಹುತೇಕ ಬೇರೆ ಇತ್ತು. ಮಿದುಳನ್ನೇ ಯಾರೂ ಕೊಡದಿದ್ದರೆ ಇದು ಗೊತ್ತಾಗುತ್ತಿತ್ತಾ?

ಆ ಆರ್ಕ್ಟಿಕ್ ಕುಟುಂಬದಿಂದ ಕಲಿತದ್ದೇ ಮುಂದೆ ಲೆಕಾನೆಮಾಬ್ ಅನ್ನುವ ಔಷಧಿಗೆ ದಾರಿಯಾಯಿತು. 2023ರಲ್ಲಿ ಅಮೆರಿಕ ಅದಕ್ಕೆ ಒಪ್ಪಿಗೆ ಕೊಟ್ಟಿತು. ಅದು ಕಾಯಿಲೆ ವಾಸಿ ಮಾಡಲ್ಲ, ಸ್ವಲ್ಪ ನಿಧಾನ ಮಾಡುತ್ತದೆ ಅಷ್ಟೇ. ಆದರೂ ಎಲ್ಲೋ ದೂರದ ಒಂದು ಮನೆತನದ ನೋವು ಲೋಕಕ್ಕೆ ಉಪಯೋಗಕ್ಕೆ ಬಂತಲ್ಲ ಅಂತ ನೆನೆದರೆ ಮನಸ್ಸು ತುಂಬಿ ಬರುತ್ತದೆ. ನಮ್ಮ ಕಡೆಯ ಮನೆತನಗಳಲ್ಲಿ ಯಾವ ಥರದ್ದು ಇಳಿದಿದೆ ಅಂತ ನೋಡೋರು ಯಾರು?

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ದಾನ ಬಂದ ಮಿದುಳುಗಳನ್ನು ಸಂಶೋಧನೆಗೆ ಕಾಪಿಡುವ ಬ್ರೈನ್ ಬ್ಯಾಂಕ್ ಇದೆ. ತೀರಿಕೊಂಡ ಮೇಲೆ ತಡಮಾಡಿದರೆ ಮಿದುಳು ಕೆಡುತ್ತದೆ. ಇಲ್ಲಿಂದ ಬೆಂಗಳೂರು ಸುಮಾರು 260 ಕಿಲೋಮೀಟರ್. ಸಾವಿನ ಮನೆಯವರಿಗೆ ಆ ಓಡಾಟ ಹೊರಿಸಬಾರದು. ಮೆಡಿಕಲ್ ಕಾಲೇಜುಗಳಿರುವ ಊರು ನಮ್ಮದು. ಮನೆಯವರು ಒಪ್ಪಿದರೆ ಇಲ್ಲೇ ತೆಗೆದು, ಬೇಗ ಅಲ್ಲಿಗೆ ಮುಟ್ಟಿಸುವ ಏರ್ಪಾಡು ಆಗಲಿ. ಡಾಕ್ಟರುಗಳು, ರೋಟರಿ, ಲಯನ್ಸ್‌ನವರು ಇದನ್ನು ಓದುತ್ತಿದ್ದರೆ ದಯವಿಟ್ಟು ಮುಂದಿನ ನೇತ್ರದಾನ ಶಿಬಿರದಲ್ಲೇ ಈ ಮಾತು ಶುರು ಮಾಡಿ.